ಡಾಕ್ಟರಿಗೆ ಯಾವ ಅಪ್ಪನನ್ನು ಹೇಳುವುದು

ನವೆಂಬರ್ ಹನ್ನೊಂದು, ಸೋಮವಾರ, ಬೆಳಿಗ್ಗೆ ಏಳು ಗಂಟೆ. ಹಾಜರಿದ್ದವರು: ನಾನು, ನನ್ನ ಹೆಂಡತಿ ಶಾಂತಾ, ಮತ್ತು ತಾಟಿನಲ್ಲಿ ರೊಟ್ಟಿಯ ಪಕ್ಕಕ್ಕೆ ಕುಳಿತಿದ್ದ ಮೆಂತ್ಯೆಯ ಪಲ್ಯ.

ಹಾಜರಿ ಹಾಕದೆ ದಿನ ಶುರುಮಾಡುವುದು ನನ್ನಿಂದಾಗದು. ಬೆಳಗಾವಿಯ ಸಾಲೆಯೊಂದರ ಮೈದಾನದಲ್ಲಿ ಡ್ರಿಲ್ ಮಾಸ್ತರನಾಗಿ ಸೀಟಿ ಊದುತ್ತಲೇ ಮುದುಕನಾದವನು ನಾನು. ಈಗ ಸಾಲಿನಲ್ಲಿ ನಿಲ್ಲಿಸಲು ಮಕ್ಕಳಿಲ್ಲ. ಹಾಗಾಗಿ ಪಲ್ಯವನ್ನು ನಿಲ್ಲಿಸುತ್ತೇನೆ. ರೊಟ್ಟಿಗೆ ಹಚ್ಚಿಕೊಂಡು ತಿನ್ನುವ ಪದ್ಧತಿ ನನ್ನದಲ್ಲ. ಮೊದಲು ಪಲ್ಯವನ್ನಷ್ಟೂ ದೊಡ್ಡ ತುತ್ತುಗಳಲ್ಲಿ ನುಂಗಿ, ಮೇಲೊಂದು ಗುಟುಕು ನೀರು ಕುಡಿದು, ಆಮೇಲೆ ಬರೀ ರೊಟ್ಟಿಯನ್ನು ಮಜ್ಜಿಗೆಯ ಜೊತೆ ತಿನ್ನುತ್ತೇನೆ. ಮದುವೆಯಾದಾಗಿನಿಂದ ಶಾಂತಾ ಇದನ್ನು ನೋಡುತ್ತಿದ್ದಾಳೆ. ಮದುವೆಯಾದಾಗಿನಿಂದ ಇದನ್ನೇ ಹೇಳುತ್ತಲೂ ಇದ್ದಾಳೆ.

“ಪಲ್ಯಾರೀ ಅದು, ಗುಳಿಗಿ ಅಲ್ಲ.”

“ಹೊತ್ತಾತು. ಎಂಟರ ಬಸ್ ಹಿಡೀಬೇಕು.”

“ಇವತ್ತ ಬಸ್ಸಿನ ನೆವಾ ಸಿಕ್ತು. ನಿನ್ನಿ ಏನ್ ನೆವಾ ಇತ್ತು?”

ಎಂಟರ ಬಸ್ಸು ಖಾನಾಪುರದ್ದು. ಅಂದಿನ ಕೆಲಸ ಎರಡು. ಖಾನಾಪುರದಲ್ಲಿರುವ ತಮ್ಮ ಈರಣ್ಣನನ್ನು ಲ್ಯಾಬಿಗೆ ಕರೆದೊಯ್ದು ಅವನ ರಕ್ತ ಕೊಡಿಸುವುದು ಮೊದಲನೆಯದು. ಸಂಜೆ ಧಾರವಾಡದಲ್ಲಿರುವ ಮಗಳು ವಿದ್ಯಾಳಿಗೆ ಫೋನ್ ಮಾಡಿ, ನೀನೂ ರಕ್ತ ಪರೀಕ್ಷೆ ಮಾಡಿಸು ಎಂದು ಹೇಳುವುದು ಎರಡನೆಯದು. ಎರಡರಲ್ಲಿ ಒಂದನ್ನು ಮುಂದೂಡಿದರೂ ಯಾರಾದರೊಬ್ಬರು ಒಂದು ದಿನ ಎದೆ ಹಿಡಿದುಕೊಂಡು ಬೀಳಬಹುದು ಎಂದು ಡಾಕ್ಟರು ಹೇಳಿದ್ದರು. ಅದನ್ನು ಹೇಗೆ ಹೇಳಿದರು ಎಂಬುದಕ್ಕೆ ಬರುತ್ತೇನೆ. ಅದಕ್ಕೆ ಮುಂಚೆ ಈ ಪಲ್ಯ ನುಂಗುವ ವಿದ್ಯೆ ಎಲ್ಲಿಯದೆಂದು ಹೇಳಿಬಿಡಬೇಕು.

ಅದು ಹಿಂಡಲಗಾದ್ದು. ಅಪ್ಪ ಅಲ್ಲಿಯ ಜೈಲಿನ ಹವಾಲ್ದಾರ. ಒಳಗಿನ ಕೈದಿಗಳಿಗೂ ಹೊರಗೆ ಕ್ವಾರ್ಟರ್ಸಿನಲ್ಲಿದ್ದ ನಮಗೂ ಒಂದೇ ಗಂಟೆ. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು. ವ್ಯತ್ಯಾಸವೆಂದರೆ ಕೈದಿಗಳಿಗೆ ಬಿಡುಗಡೆಯ ತಾರೀಖು ಗೊತ್ತಿರುತ್ತಿತ್ತು. ಅಪ್ಪ ಸಿಟ್ಟಿನ ಮನುಷ್ಯನಲ್ಲ, ಒಮ್ಮೆಯೂ ನನ್ನ ಮೇಲೆ ಕೈ ಎತ್ತಲಿಲ್ಲ. ಆದರೆ ತಾಟು ಖಾಲಿಯಾಗುವವರೆಗೆ ಎದುರಿಗೆ ಕೂತು, ಮೀಸೆ ತಿದ್ದಿಕೊಳ್ಳುತ್ತ, ಕಾಯುತ್ತಿದ್ದರು. ಹಾಗಲಕಾಯಿ ಎಂದರೆ ಅವರಿಗೆ ಜೀವ. ಭಾನುವಾರದ ಬೇವಿನ ಕಷಾಯವನ್ನು ಚಹಾದಂತೆ ಸೊರ್ ಎಂದು ಹೀರುತ್ತಿದ್ದರು.

“ಅಳೂವಂಥಾದ್ದು ಏನೈತಿ ಇದರಾಗ? ಒಂಚೂರು ಕಹಿ ಐತಿ, ಅಷ್ಟ.”

ಅವರಿಗೆ ಒಂಚೂರು. ನನಗೆ ನಾಲಿಗೆಯ ಬುಡದಿಂದ ಕಿವಿಯ ಹಿಂದಿನವರೆಗೆ ಯಾರೋ ಕೊಳ್ಳಿ ಎಳೆದಂತೆ. ಉಸಿರು ಬಿಗಿಹಿಡಿದು, ನಾಲಿಗೆಗೆ ತಾಕದ ಹಾಗೆ, ನೇರ ಗಂಟಲಿಗೆ ದಾಟಿಸುವುದನ್ನು ಹೇಗೋ ಕಲಿತೆ. ಅಪ್ಪ ಕೈತೊಳೆಯಲು ಎದ್ದಾಗ ಅವ್ವ ನನ್ನ ಅಂಗೈಯಲ್ಲೊಂದು ಚೂರು ಬೆಲ್ಲ ಇಟ್ಟು ಮುಷ್ಟಿ ಮುಚ್ಚುತ್ತಿದ್ದಳು. ಹಟಮಾರಿ ನಾಲಿಗೆ, ರೂಢಿಯಾದರೆ ಸರಿಹೋಗುತ್ತದೆ ಎಂದು ಎಲ್ಲರೂ ನಂಬಿದ್ದೆವು. ಅರವತ್ತು ವರ್ಷ ರೂಢಿ ಮಾಡಿಸಿದ್ದೇನೆ. ಆ ಸೋಮವಾರ ಬೆಳಿಗ್ಗೆಯೂ ಅದು ಮೊದಲ ದಿನದ ಹುಡುಗನ ಹಾಗೆಯೇ ಸಾಲು ತಪ್ಪಿ ನಿಂತಿತು.

ಹಿಂಡಲಗಾದ ಆ ಅಪ್ಪ ಅವ್ವ ನನ್ನನ್ನು ದತ್ತಕ ತೆಗೆದುಕೊಂಡವರು. ಅವ್ವನಿಗೆ ಮಕ್ಕಳಾಗಲಿಲ್ಲ. ಖಾನಾಪುರದಲ್ಲಿದ್ದ ಅವಳ ಖಾಸ ತಂಗಿ ತನ್ನ ಹಿರಿಮಗನನ್ನು, ಅಂದರೆ ಐದು ವರ್ಷದ ನನ್ನನ್ನು, ಅಕ್ಕನ ಉಡಿಯಲ್ಲಿ ಹಾಕಿದಳು. ನಮ್ಮ ಕಡೆ ಉಡಿಯಲ್ಲಿ ಹಾಕುವುದೆಂದರೆ ಆಟವಲ್ಲ. ಅಂದಿನಿಂದ ನನ್ನ ಅಡ್ಡಹೆಸರು ಬದಲಾಯಿತು, ಮನೆದೇವರು ಬದಲಾದರು. ಹೆತ್ತವಳು ಅವತ್ತಿನಿಂದ ಚಿಗವ್ವ. ಹುಟ್ಟಿಸಿದವರು ಕಾಕಾ. ಬಾಯಿತಪ್ಪಿ ಹಳೆಯ ಹೆಸರಿನಿಂದ ಕರೆದರೆ ತಿದ್ದಲೆಂದು ಮನೆಯ ಹಿರಿಯ ಹೆಂಗಸರು ಕಿವಿ ನೆಟ್ಟು ಕೂರುತ್ತಿದ್ದರು. ಎಲ್ಲರಿಗಿಂತ ಕಟ್ಟುನಿಟ್ಟು ಚಿಗವ್ವನೇ. ಅಕ್ಕನಿಗೆ ಮಾತು ಕೊಟ್ಟಿದ್ದಳು. ನಾನು ವಿಧೇಯ ಹುಡುಗ, ಬೇಗ ಕಲಿತೆ, ಮತ್ತೆ ತಪ್ಪಲಿಲ್ಲ.

ಬೇಸಿಗೆಯ ರಜೆಗೆ ಚಿಗವ್ವನ ಮನೆಗೆ ಹೋಗುತ್ತಿದ್ದೆ, ನೆಂಟರ ಹುಡುಗನಾಗಿ. ಕಾಕಾ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಕೆಂಪು ಮಣ್ಣಿನ ಗುಡ್ಡೆಯ ಮೇಲೆ ಬರಿಗಾಲಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಚಹಾ ಅಲ್ಲ, ಪಾಕ. ಸಕ್ಕರೆ ಒಂಚೂರು ಕಡಿಮೆಯಾದರೂ “ಬಾಯಿ ಒಗರಾತು” ಎಂದು ಕಪ್ಪು ತಿರುಗಿ ಕೊಡುತ್ತಿದ್ದರು. ಸಾರಿಗೆ ಬೆಲ್ಲ, ಪಲ್ಯಕ್ಕೆ ಬೆಲ್ಲ, ಎಲ್ಲದರ ಮೇಲೆ ಉಪ್ಪು. ಹಾಗಲಕಾಯಿ ಮಾರುವವಳನ್ನು ಹೊಸ್ತಿಲಿನಿಂದಲೇ ಮುಂದಕ್ಕೆ ಕಳಿಸುತ್ತಿದ್ದರು. ಒಮ್ಮೆ ಯಾರದೋ ಮನೆಯಿಂದ ಮೆಂತ್ಯೆಸೊಪ್ಪಿನ ಕಡುಬು ಬಂತು. ಕಾಕಾ, ಈರಣ್ಣ, ನಾನು ಸಾಲಾಗಿ ಕೂತು ಬಾಯಿಗಿಟ್ಟುಕೊಂಡೆವು. ಮೂವರ ಮುಖವೂ ಒಂದೇ ಕ್ಷಣಕ್ಕೆ, ಒಂದೇ ಬಗೆಯಲ್ಲಿ, ಎಡಕ್ಕೆ ಸೊಟ್ಟಗಾಯಿತಂತೆ. ನೋಡಿದ ಚಿಗವ್ವ ಗೊಳ್ಳೆಂದು ನಕ್ಕಳು. ನಗುತ್ತಲೇ ಏನೋ ನೆನಪಾದವಳಂತೆ ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋದಳು.

ನನಗೆ ಇಪ್ಪತ್ತಾದಾಗ ಕಾಕಾ ಭಟ್ಟಿಯ ಮುಂದೆ ಕುಸಿದು ಬಿದ್ದು ತೀರಿಕೊಂಡರು. ಅವರಿಗೆ ನಲವತ್ತಾರು. ಭಟ್ಟಿಯ ಕಾವು ತಲೆಗೇರಿತು ಎಂದರು ಜನ. ಅವರ ಅಣ್ಣ ಜಾಂಬೋಟಿಯ ಗದ್ದೆಯಲ್ಲಿ ಹೀಗೆಯೇ ಹೋಗಿದ್ದರು. ಮಳೆಯಲ್ಲಿ ನೆನೆದು ಶೀತ ಹತ್ತಿತ್ತಂತೆ. ಅವರಪ್ಪನೂ ನಡುವಯಸ್ಸಿನಲ್ಲೇ ಹೋದವರು, ಎತ್ತು ಸತ್ತ ದುಃಖಕ್ಕೆ. ಕಾವು, ಮಳೆ, ದುಃಖ. ಒಂದೇ ಸಾವಿಗೆ ಮೂರು ಹೆಸರು ಇಟ್ಟು ಆ ಮನೆತನ ನೆಮ್ಮದಿಯಾಗಿತ್ತು. ಕಾಕಾನ ಮಣ್ಣಿನ ದಿನ ಮಗನ ಕೆಲಸಗಳನ್ನು ಹದಿನಾಲ್ಕು ವರ್ಷದ ಈರಣ್ಣ ಮಾಡಿದ. ನಾನು ಬಳಗದವರ ಸಾಲಿನಲ್ಲಿ ನಿಂತು ನನ್ನ ಪಾಳಿ ಬಂದಾಗ ಒಂದು ಹಿಡಿ ಮಣ್ಣು ಹಾಕಿದೆ.

ಹಿಂಡಲಗಾದ ಅಪ್ಪ ತೊಂಬತ್ತೊಂದು ವರ್ಷ ಬದುಕಿದರು. ಮಧ್ಯಾಹ್ನ ಉಂಡು, ಬಾಯಿ ತೊಳೆದು, ಮಲಗಿದವರು ಏಳಲಿಲ್ಲ. ಅವರ ಶಿಸ್ತು ನನಗೆ ಬಂದಿತ್ತು, ಆಯುಷ್ಯವೂ ಬಂದೀತೆಂದು ನಾನು ಧೈರ್ಯವಾಗಿದ್ದೆ. ನಿವೃತ್ತಿಯ ಹೊತ್ತಿಗೆ ರಕ್ತದಲ್ಲಿ ಕೊಬ್ಬು ಹೆಚ್ಚಿದೆ ಎಂದು ಒಬ್ಬ ಡಾಕ್ಟರು ಹೇಳಿ, ತಂದೆಯ ವಿಷಯ ಕೇಳಿದರು. ತೊಂಬತ್ತೊಂದು ಎಂದೆ. ಹಾಗಾದರೆ ಊಟ ಸರಿಮಾಡಿಕೊಳ್ಳಿ ಸಾಕು ಎಂದರು. ತುಪ್ಪ ಬಿಟ್ಟೆ. ಮುಂದಿನ ಸಲ ಮತ್ತೊಬ್ಬರು ಕೇಳಿದರು, ತೊಂಬತ್ತೊಂದು ಎಂದೆ. ಕೊಬ್ಬರಿ ಬಿಟ್ಟೆ. ಅನಂತರ ಶೇಂಗಾ ಹಿಂಡಿಯ ಚಟ್ನಿಪುಡಿ, ಕೆನೆಮೊಸರು. ಮೆಂತ್ಯೆ, ಹಾಗಲ ಒಳ್ಳೆಯದು ಎಂದರು, ಅವನ್ನು ಹೆಚ್ಚಿಸಿದೆ. ಕೊನೆಗೆ ಬಿಡಲು ತಾಟಿನಲ್ಲಿ ತಾಟೊಂದೇ ಉಳಿದಿತ್ತು. ನಿಜ ಹೇಳುತ್ತೇನೆ, ದಣಿದುಹೋದೆ. ನಡೆದು ದಣಿದರೆ ಕೂತು ಸುಧಾರಿಸಿಕೊಳ್ಳಬಹುದು. ನೇಮ ತಪ್ಪದೆ ನಡೆದುಕೊಂಡು ಬಂದ ದಣಿವಿಗೆ ಎಲ್ಲಿ ಕೂರುವುದು?

ಆ ಸೋಮವಾರಕ್ಕೆ ಒಂದು ತಿಂಗಳ ಹಿಂದೆ ಕಿಲ್ಲೆಯ ಕೆರೆಯ ಸುತ್ತ ಬೆಳಗಿನ ನಡಿಗೆಯಲ್ಲಿದ್ದಾಗ ಎದೆಯ ಮೇಲೆ ಯಾರೋ ಮಂಡಿಯೂರಿದಂತಾಯಿತು. ಶಾಂತಾ ನನ್ನನ್ನು ಹೃದಯದ ಡಾಕ್ಟರಲ್ಲಿಗೆ ಎಳೆದೊಯ್ದಳು. ಅವರು ನನ್ನ ಮಗಳಿಗಿಂತ ಚಿಕ್ಕವರು. ನನ್ನ ದಿನಚರಿ ಕೇಳಿದರು, ಊಟ ಕೇಳಿದರು, ವಾಡಿಕೆಯಂತೆ ತಂದೆಯನ್ನೂ ಕೇಳಿದರು.

“ತೊಂಬತ್ತೊಂದ್ರಿ. ಊಟಾ ಮಾಡಿ ಮಲಗಿದ್ದಲ್ಲೇ ಹೋದ್ರು.”

ಡಾಕ್ಟರು ರಕ್ತದ ವರದಿ ನೋಡಿದರು, ನನ್ನನ್ನು ನೋಡಿದರು. “ಲೆಕ್ಕಾ ಕೂಡವಲ್ದಲ್ರೀ ಸರ” ಎಂದರು. ಆಮೇಲೆ ನನ್ನ ಚಪ್ಪಲಿ ಬಿಡಿಸಿ, ಹಿಮ್ಮಡಿಯನ್ನು ಮೀನಖಂಡಕ್ಕೆ ಕಟ್ಟುವ ನರವನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು.

“ಇದು ಇಷ್ಟ ದಪ್ಪ ಯಾವಾಗಿಂದ ಅದ?”

“ಡ್ರಿಲ್ಲಿನಿಂದ್ರಿ, ಮೇಡಂ. ಓಡಿ ಓಡಿ ಗಟ್ಟಿ ಆಗೇದ.” ಹೇಳುವಾಗ ತುಸು ಎದೆ ಉಬ್ಬಿಸಿದ್ದೂ ಉಂಟು.

“ಓಡಿದ್ರ ಹಿಂಗ ಆಗಂಗಿಲ್ರಿ. ರಕ್ತದಾಗಿನ ಕೊಬ್ಬು ನರದಾಗ ಕುಂತದ. ಹುಟ್ಟಿದಾಗಿಂದ ಕೂಡ್ಕೋತ ಬಂದದ್ದು. ಇದು ತಂದಿ ಕಡಿಂದರ ಬರಬೇಕು, ತಾಯಿ ಕಡಿಂದರ ಬರಬೇಕು.”

“ಇವರು ದತ್ತಕ ಬಂದಾರ್ರೀ” ಎಂದಳು ಶಾಂತಾ.

ಪರರ ಮುಂದೆ ಆ ಮಾತು ಆಡಿದ್ದಕ್ಕೆ ನಾನವಳನ್ನು ದುರುಗುಟ್ಟಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು. “ಸರ, ಮತ್ತ ನೀವು ಇಷ್ಟೊತ್ತನಕ ಯಾರದು ಹೇಳಿದ್ರಿ?”

“ನಮ್ಮಪ್ಪಂದು” ಎಂದೆ. ಅದು ಸುಳ್ಳಲ್ಲ. ಉಡಿಯಲ್ಲಿ ಹಾಕಿದ ಮೇಲೆ ಅವರೇ ಅಪ್ಪ. ಕೇಳಿದವರಿಗೆಲ್ಲ ನಾನು ಖರೇ ಉತ್ತರವನ್ನೇ ಕೊಟ್ಟಿದ್ದೆ. ರಕ್ತಕ್ಕೆ ಮಾತ್ರ ಯಾರೂ ಉಡಿಯ ಸುದ್ದಿ ತಿಳಿಸಿರಲಿಲ್ಲ.

ಆಗ ಖಾನಾಪುರದ ಸಾವುಗಳನ್ನು ಹೇಳಿದೆ. ಕಾವು, ಮಳೆ, ದುಃಖ ಮೂರನ್ನೂ ಡಾಕ್ಟರು ಕೇಳಿಸಿಕೊಂಡು, ಮೂರಕ್ಕೂ ಒಂದೇ ಹೆಸರು ಕೊಟ್ಟರು. ಕೊಬ್ಬನ್ನು ರಕ್ತದಿಂದ ಎಳೆದುಕೊಳ್ಳಬೇಕಾದ ಯಕೃತ್ತು ಆ ಕೆಲಸವನ್ನು ಅರೆಮನಸ್ಸಿನಿಂದ ಮಾಡುತ್ತದಂತೆ. ಅದನ್ನು ಹಾಗೆ ಮಾಡಿಸುವ ವಂಶವಾಹಿ ತಂದೆಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಗುಳಿಗೆ ಇದೆ, ಬೇಗ ಹಿಡಿದರೆ ಬಚಾವು. “ನಿಮ್ಮ ತಮ್ಮಂದು, ಮಗಳದು, ಇಬ್ಬರದೂ ತಪಾಸ ಆಗಲೇಬೇಕು” ಎಂದರು.

ಕಹಿ ತಾಳದ ಈ ನಾಲಿಗೆಯೂ ಕಾಕಾನಿಂದಲೇ ಬಂತೇ ಎಂದು ನಾನು ಕೇಳಿಬಿಟ್ಟೆ. ಅವರು ನಕ್ಕರು. “ಅದು ಬ್ಯಾರೆ ಎಳಿ ರೀ, ಎದಿದು ಬ್ಯಾರೆ ಎಳಿ. ಆದ್ರ ಅದೂ ಬಹಳಮಟ್ಟಿಗೆ ಹುಟ್ಟಿನಿಂದನ ಬರ್ತದ. ನೀವು ತಿನ್ನೂ ಮೆಂತ್ಯಾ, ನಿಮ್ಮ ಮನಿಯವರು ತಿನ್ನೂ ಮೆಂತ್ಯಾ ಒಂದ ಅಲ್ಲ. ಕಹಿ ಭಾಳ ಹತ್ತವರು ಸೊಪ್ಪು ಬಿಟ್ಟು ಸಕ್ಕರಿ, ಉಪ್ಪಿನ ಬೆನ್ನ ಹತ್ತೂದೂ ಉಂಟು.”

ಶಾಂತಾ ನನ್ನತ್ತ ತಿರುಗಿದಳು. “ಅಯ್ಯ, ಹಂಗಾದ್ರ ಇಷ್ಟ ವರ್ಷ ನಾಟಕಾ ಮಾಡಿಲ್ಲೇನ ನೀವು?”

“ಸರ, ನಿಮ್ಮ ಶಿಸ್ತು ಸುಮ್ಮನ ಹೋಗಿಲ್ಲ” ಎಂದು ಡಾಕ್ಟರು ಕೊನೆಗೆ ಹೇಳಿದರು. “ನಿಮ್ಮ ಕಾಕಾಗ ಸಿಗದ ಇಪ್ಪತ್ತು ವರ್ಷ ನಿಮಗ ಸಿಕ್ಕದ.” ಒಳ್ಳೆಯ ಮಾತೇ. ಆದರೂ ಅಷ್ಟು ವರ್ಷ ಕವಾಯತು ಮಾಡಿಸಿದ ತುಕಡಿ ನನ್ನದಲ್ಲ, ಬೇರೆಯವರದು ಎಂದು ಈಗ ತಿಳಿಸಿದಂತಿತ್ತು.

ಸೋಮವಾರದ ಬಸ್ಸಿಗೆ ಮರಳೋಣ. “ಪುಢೇ ಚಲಾ, ಪುಢೇ ಚಲಾ” ಎಂದು ಕಂಡಕ್ಟರ್ ನಮ್ಮೆಲ್ಲರನ್ನೂ ಮುಂದೆ ನೂಕಿ ನೂಕಿ ಖಾನಾಪುರ ಮುಟ್ಟಿಸಿದ. ಈರಣ್ಣನದು ಮಣ್ಣಿನ ಗಡಿಗೆ ಕುಂಡಗಳ ಅಂಗಡಿ, ಹಿಂದೆ ಮನೆ. ಎಂಬತ್ತೆಂಟರ ಚಿಗವ್ವ ಬಾಗಿಲ ಬಿಸಿಲಿನಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು.

“ಬಾ ಅಣ್ಣಾ” ಎಂದ ಈರಣ್ಣ. “ಜೈಲ ಗಂಟಿ ಹೊಡದಂಗ ಹೊತ್ತಿಗೆ ಸರಿ ಬಂದಿ. ಏನ್ ವಿಶೇಷ?”

“ನಿನ್ನ ರಕ್ತ ಬೇಕಾಗೇತಿ.”

“ತಮ್ಮನ ರಕ್ತಾ ಕುಡಿಯಾಕ ಬಸ್ಸಿನಾಗ ನಿಂತಗೊಂಡ ಬಂದಿ ಏನು? ಮೊದಲ ಚಹಾ ಕುಡಿ.”

ಚಹಾ ಬಂತು. ಕಾಕಾನದೇ ಚಹಾ, ಪಾಕ. ಎಲ್ಲವನ್ನೂ ಹೇಳಿದೆ. ಈರಣ್ಣ ಕೇಳುತ್ತ ಕೇಳುತ್ತ ಗಲ್ಲ ಕೆರೆದುಕೊಂಡ.

“ಅಣ್ಣಾ, ನ್ಯಾಯದ ಮಾತಾಡೂಣು. ನೀ ಹಿಂಡಲಗಾದ ಹವಾಲ್ದಾರರ ಮಗ. ನಿನ್ನ ಅಡ್ಡಹೆಸರು ಬ್ಯಾರೆ, ಮನಿದೇವ್ರು ಬ್ಯಾರೆ. ನಿನ್ನ ರಕ್ತದಾಗ ಏನರ ಇದ್ರ ಅದು ಅವರ ಕಡಿದು. ನನಗ್ಯಾಕ ಸೂಜಿ ಚುಚ್ಚಸ್ತಿ?”

“ಚ್ಯಾಷ್ಟಿ ಬ್ಯಾಡ. ನಿನಗ ಎದಿ ಬಿಗೀತದೋ ಇಲ್ಲೋ?”

“ಗ್ಯಾಸ್ ಅದು. ಓಮಿನಕಾಳ ತಿಂದ್ರ ಇಳೀತದ.”

“ಯಾವಾಗ ಬಿಗೀತದ?”

“ಗಡಿಗಿ ಹೊತಗೊಂಡ ಅಟ್ಟಾ ಹತ್ತಾಗ.”

“ನೀ ಅಟ್ಟಾ ಹತ್ತಾಕತ್ತಿ ಅನ್ನೂದು ಗ್ಯಾಸಿಗೆ ಹ್ಯಾಂಗ ಗೊತ್ತಾಗ್ತದ?”

ಚಿಗವ್ವ ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು. ಈರಣ್ಣನಿಗೆ ಸಿಟ್ಟು ಬಂತು. “ಚಹಾ ಬಿಡು ಅಂತಿ, ಕುಂದಾ ಬಿಡು ಅಂತಿ. ನೀ ಎಲ್ಲಾ ಬಿಟ್ಟಿ, ಆ ಹಾಳ ಮೆಂತ್ಯಾ ನುಂಗಿದಿ. ಏನ್ ಸಿಕ್ತಪಾ ನಿನಗ? ನಿಂದೂ ಅದ ರಕ್ತ, ನಂದೂ ಅದ ರಕ್ತ.”

“ಅದ ರಕ್ತ ಅಂತ ನೀನ ಅಂದಿ, ನೋಡು” ಎಂದೆ. “ನನಗ ಇಪ್ಪತ್ತು ವರ್ಷ ಸಿಕ್ತು, ಈರಣ್ಣಾ. ನಮ್ಮಪ್ಪಗ ಅದು ಸಿಗಲಿಲ್ಲ.”

ಮಾತು ಬಾಯಿಂದ ಹೊರಟುಹೋಗಿತ್ತು. ಬಾಗಿಲಿನಿಂದ, ರೂಢಿಯ ಬಲದಿಂದಲೇ, ತಿದ್ದುಪಡಿ ಬಂತು.

“ಕಾಕಾ ಅನಬೇಕೋ, ತಮ್ಮಾ.”

“ಇವತ್ತ ಅನ್ನಾಂಗಿಲ್ಲ, ಚಿಗವ್ವಾ. ಡಾಕ್ಟರ್ ಕೇಳ್ಯಾರ.”

ಅಕ್ಕ ಇಲ್ಲ, ಅಕ್ಕನ ಗಂಡ ಇಲ್ಲ, ಅವರಿಗೆ ಕೊಟ್ಟ ಮಾತು ಇದ್ದೇ ಇತ್ತು. ಚಿಗವ್ವ ಮಡಿಲಿನ ಸಿಪ್ಪೆ ಕೊಡವಿ, “ಇಬ್ಬರೂ ಇಲ್ಲಿ ಬಂದ ಕಾಲು ಚಾಚರಿ” ಎಂದಳು.

ಇಬ್ಬರು ಮುದುಕರು ಬಿಸಿಲಿಗೆ ಕಾಲು ಚಾಚಿ ಕೂತೆವು. ಚಿಗವ್ವ ಬಾಗಿ ಮೊದಲು ನನ್ನ ಹಿಮ್ಮಡಿಯ ನರವನ್ನು ಹಿಡಿದಳು, ಆಮೇಲೆ ಈರಣ್ಣನದನ್ನು. ಮತ್ತೊಮ್ಮೆ ನನ್ನದನ್ನು. ಹಗ್ಗ ಹೊಸೆದಂಥ ಕಾಲು ಎಂದು ಊರೆಲ್ಲ ಹೊಗಳುತ್ತಿದ್ದ ಕಾಲುಗಳು.

“ಒಂದ ಅಚ್ಚಿನ ಹಂಚು” ಎಂದಳು. “ಅವರದೂ ಹಿಂಗ ಇತ್ತು. ದಿನಾ ಎಣ್ಣಿ ಹಚ್ಚಿ ತಿಕ್ಕತಿದ್ನೆಪಾ, ನನಗ್ಗೊತ್ತಿಲ್ಲೇನು. ಗಟ್ಟಿ ಮನಶ್ಯಾ ಅನ್ಕೊಂಡಿದ್ನಿ.” ಕೈ ತೆಗೆಯದೆಯೇ ಈರಣ್ಣನಿಗೆ ಹೇಳಿದಳು: “ಎದ್ದ ಹೋಗು. ಒಮ್ಮೆ ಭಟ್ಟಿ ಕಾವು ಅಂತ ನಂಬಿ ಕುಂತೇನಿ. ಗ್ಯಾಸ್ ಅಂತ ಇನ್ನೊಮ್ಮೆ ನಂಬಾಕ ನನ್ನ ಕಡೆ ಆಗೂದಿಲ್ಲ.”

“ನಾಳೆ ಹೋದ್ರ ನಡೀತದಲ್ಲ, ಯವ್ವಾ? ಚಹಾ ಕುಡದೇನಿ...”

“ಕುಡದ್ರೂ ನಡೀತದ ಅಂದಾರ ಡಾಕ್ಟರು” ಎಂದೆ. “ಎದ್ದೇಳು. ಮುಂದಕ ನಡಿ.”

ಬಸ್ ಸ್ಟ್ಯಾಂಡಿನ ಬಾಜೂಕಿನ ಲ್ಯಾಬಿಗೆ ನಡೆದೇ ಹೋದೆವು. ನಡುವೆ ಈರಣ್ಣ ಒಮ್ಮೆ ನಿಂತು, ಅಂಗಡಿಯೊಂದರ ಬೋರ್ಡು ಓದುವ ನೆಪದಲ್ಲಿ ಉಸಿರು ಹಿಡಿದುಕೊಂಡ. ನಾನೂ ಓದಿದೆ. ಲ್ಯಾಬಿನ ಹುಡುಗಿ ಅವನ ತೋಳಿಗೆ ಪಟ್ಟಿ ಬಿಗಿದಾಗ ಅವನು ಮುಖ ಆ ಕಡೆ ತಿರುಗಿಸಿ ನನ್ನ ಕೈ ಹುಡುಕಿದ.

“ನೀವು ಇವರ ಕಡೆಯವರೇನ್ರಿ?” ಎಂದು ಹುಡುಗಿ ಕೇಳಿದಳು.

“ನಮ್ಮಣ್ಣ” ಎಂದ ಈರಣ್ಣ, ಕಣ್ಣು ಮುಚ್ಚಿಕೊಂಡೇ. “ಖಾಸ ಅಣ್ಣ. ಸಂಕಟದಾಗ ಕೈಗೆ ಸಿಕ್ಕಾನ.”

ವರದಿ ಮರುದಿನ ಎಂದರು. ಅವನು ತೋಳಿಗೆ ಹತ್ತಿ ಒತ್ತಿ ಹಿಡಿದುಕೊಂಡ, ಇಬ್ಬರೂ ಬೆಂಚಿನ ಮೇಲೆ ಕೂತೆವು. ಅರ್ಧಕ್ಕರ್ಧ ಎಂದಿದ್ದರು ಡಾಕ್ಟರು. ಅವನ ಹಿಮ್ಮಡಿ ಕಂಡ ನಾನು ಆ ಲೆಕ್ಕವನ್ನು ಅವನಿಗೆ ಹೇಳಲಿಲ್ಲ. ಆ ವಾರವೇ ಬೆಳಗಾವಿಗೆ ಬಂದು ಡಾಕ್ಟರನ್ನು ಕಾಣುತ್ತೇನೆಂದು ಅವನಿಂದ ಚಿಗವ್ವನ ಆಣೆ ಮಾಡಿಸಿದೆ. ಗಡಿಗೆ ಹೊರುವ ಕೆಲಸ ಅಲ್ಲಿಯತನಕ ಬಂದ್.

ಸಂಜೆ ಬೆಳಗಾವಿ ಮುಟ್ಟಿದಾಗ ದೀಪ ಹತ್ತಿದ್ದವು. ಶಾಂತಾ ನೀರು ಕೊಟ್ಟಳು. ವಿದ್ಯಾಳಿಗೆ ಫೋನ್ ಹಚ್ಚಿದೆ.

“ಕೊಲೆಸ್ಟ್ರಾಲ್ ತಪಾಸ ಮಾಡಿಸಬೇಕವಾ ನೀನು. ನಾಳೆನ.”

“ಯಾಕಪ್ಪಾ? ಹೋದ ವರ್ಷ ಇಲ್ಲಿ ಡಾಕ್ಟರ್ ಕೇಳಿದ್ರು. ಅಜ್ಜ ತೊಂಬತ್ತೊಂದು ವರ್ಷ ಇದ್ರು ಅಂದೆ. ಛಲೋ ಮನಿತನ, ಚಿಂತಿ ಬ್ಯಾಡ ಅಂದ್ರು.”

ರಕ್ತ ಅವಳಿಗೆ ಇಳಿದಿದೆಯೋ ಇಲ್ಲವೋ, ಉತ್ತರವಂತೂ ತಪ್ಪದೆ ಇಳಿದಿತ್ತು. ದತ್ತಕದ ವಿಷಯ ಅವಳಿಗೆ ಗೊತ್ತಿಲ್ಲವೆಂದಲ್ಲ. ಗೋಡೆಯೊಳಗೆ ನೀರಿನ ಪೈಪು ಇದೆಯೆಂದು ಗೊತ್ತಿರುವ ಹಾಗೆ ಗೊತ್ತಿತ್ತು. ಆ ಗೋಡೆಯನ್ನು ಯಾರೂ ಒಡೆದಿರಲಿಲ್ಲ. ನಿಧಾನವಾಗಿ ಎಲ್ಲ ಹೇಳಿದೆ.

“ನಾಳೆ ಮುಂಜಾನೆ ಹೋಗ್ತೀನಿ” ಎಂದಳು. ಆಮೇಲೆ, “ಅವರ ಹೆಸರೇನಪ್ಪಾ?”

ಖಾನಾಪುರದಲ್ಲಿ ಅವರು ಕಾಕಾ. ಹಿಂಡಲಗಾದ ಮನೆಯಲ್ಲಿ ಬರೀ ‘ಅವರು’. ನನ್ನ ಬಾಯಿಂದ ಆ ಹೆಸರು ಎಂದೂ ಹೊರಬಿದ್ದಿರಲಿಲ್ಲ.

“ಚನ್ನಬಸಪ್ಪ” ಎಂದೆ.

“ಜೋರಾಗಿ ಹೇಳಪ್ಪಾ. ದನಿನ ಬರವಲ್ದು.”

“ಚನ್ನಬಸಪ್ಪ” ಎಂದು ಮೈದಾನದ ಆ ತುದಿಗೆ ಕೇಳುವಂತೆ ಹೇಳಿದೆ. ಒಳಗಿನಿಂದ ಶಾಂತಾ ಹಣಿಕಿ ನೋಡಿದಳು.

ವಿದ್ಯಾ ನನಗೆ ತಿರುಗಿ ಒಪ್ಪಿಸಿದಳು: ಅಜ್ಜ ಚನ್ನಬಸಪ್ಪ, ಹಂಚಿನ ಕಾರ್ಖಾನೆಯ ಮೇಸ್ತ್ರಿ, ನಲವತ್ತಾರನೇ ವಯಸ್ಸಿಗೆ, ಎದೆ ಒಡೆದು. ಎಲ್ಲ ಸರಿಯಿತ್ತು. ಸರಿಯಿದೆ ಎಂದು ಹೇಳಿ ಫೋನ್ ಇಟ್ಟೆ.